ಸೂಜಿಪುಸ್ತಕವನ್ನು ಮಗುಚಿ ನೋಡಿ: ಗರ್ಲ್ ಸ್ಕೌಟ್ ಕಾಲದ ಹೊಲಿಗೆಯ ನೆನಪುಗಳು

ಪ್ರಶ್ನೆ: ನಾವಿರುವುದು ಅಟ್ಲಾಂಟಾದಲ್ಲಿ. ಸವಾನಾದ ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಕಡುನೀಲಿ ಫೆಲ್ಟಿನ, ಅಂಗೈಯಗಲದ ಸೂಜಿಪುಸ್ತಕ (ಸೂಜಿ ಚುಚ್ಚಿಡುವ ಬಟ್ಟೆಹಾಳೆಗಳ ಪುಟ್ಟ ಪುಸ್ತಕ) ಇದೆ. ಮೇಲೆ ಮೂರೆಲೆಯ ಗುರುತು, ‘ಜಿ.ಎಸ್.’ ಎಂಬ ಅಕ್ಷರ, ಒಳಗೆ ತುಕ್ಕು ಹಿಡಿದ ಒಂಬತ್ತು ಸೂಜಿ. ಜೊತೆಗೆ ಹೆಮ್ಮಿಂಗ್, ತೇಪೆ, ರಫ್ಫು, ಕಾಜ ಒಂದೊಂದು ಮಾಡಿದ ಬಿಳಿ ಬಟ್ಟೆಯ ಪಟ್ಟಿ, ಕತ್ತರಿ ಚಿತ್ರದ ಖಾಕಿ ಬ್ಯಾಡ್ಜ್, ಹನ್ನೊಂದು ಹೆಸರುಗಳನ್ನು ಕೆಂಪು ದಾರದಲ್ಲಿ ಹೊಲಿದ ಒಂದು ಚೌಕ. ಮಾರಿದವರು ‘ಎಲ್ಲ 1912ರದ್ದು’ ಎಂದರು. ನಂಬಬಹುದೇ? ತುಕ್ಕಿನ ಕಲೆಗೆ ನಿಂಬೆಹಣ್ಣು-ಉಪ್ಪು ಹಚ್ಚಿ ತೊಳೆಯಬಹುದೇ? ಮುಂದಿನ ವರ್ಷ ಮಂಗಳೂರಿಗೆ ವಾಪಸ್ ಹೊರಡುತ್ತಿದ್ದೇವೆ, ಅಲ್ಲಿ ಹೇಗೆ ಇಟ್ಟುಕೊಳ್ಳುವುದು?

ಉತ್ತರ: ತೊಳೆಯಬೇಡಿ. ನಿಂಬೆಹಣ್ಣನ್ನು ಅಡುಗೆಮನೆಯಲ್ಲೇ ಬಿಡಿ. ಕಾರಣ ಆಮೇಲೆ ಹೇಳುತ್ತೇವೆ, ಮೊದಲು ಇಸವಿಯ ಮಾತು.

ಅಮೆರಿಕದ ಗರ್ಲ್ ಸ್ಕೌಟ್ಸ್ ಸಂಸ್ಥಾಪಕಿ ಜೂಲಿಯೆಟ್ ಗಾರ್ಡನ್ ಲೋ ಸವಾನಾದಲ್ಲಿ ಹದಿನೆಂಟು ಹುಡುಗಿಯರನ್ನು ಸೇರಿಸಿಕೊಂಡು ಕೆಲಸ ಶುರುಮಾಡಿದ್ದು 1912ರ ಮಾರ್ಚ್ 12ರಂದು. ನಿಮ್ಮ ಡಬ್ಬಿ ಸಿಕ್ಕಿದ್ದೂ ಅದೇ ಊರಿನಲ್ಲಿ. ಹಾಗಾಗಿ 1912 ಎನ್ನಲು ಮಾರುವವರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಆದರೆ ಆ ಮೊದಲ ವರ್ಷ ಅವರ ಹೆಸರು ಗರ್ಲ್ ಸ್ಕೌಟ್ಸ್ ಆಗಿರಲೇ ಇಲ್ಲ. ಇಂಗ್ಲೆಂಡಿನ ಮಾದರಿಯಲ್ಲಿ ಗರ್ಲ್ ಗೈಡ್ಸ್ ಎಂದೇ ಕರೆದುಕೊಂಡಿದ್ದರು. ಅಮೆರಿಕದಲ್ಲಿ ‘ಸ್ಕೌಟ್ಸ್’ ಎಂದು ಬದಲಾದದ್ದು 1913ರಲ್ಲಿ. ಆದ್ದರಿಂದ ‘ಜಿ.ಎಸ್.’ ಅಕ್ಷರವಿರುವ ವಸ್ತು 1912ರದ್ದಾಗುವುದು ಕಷ್ಟ. ಅದೇ ‘ಜಿ.ಜಿ.’ ಎಂದಿದ್ದರೆ ಬ್ರಿಟನ್ನಿನದೋ ಅದರ ವಸಾಹತುಗಳದೋ ಇರಬಹುದು ಎಂದು ನೋಡಬೇಕಾಗುತ್ತಿತ್ತು. ನಮ್ಮಲ್ಲೂ 1911ರಲ್ಲೇ ಜಬಲ್ಪುರದಲ್ಲಿ ಗೈಡ್ ಕಂಪನಿ ಆರಂಭವಾಗಿತ್ತು.

ಸವಾನಾದ ಮೊದಲ ಸಮವಸ್ತ್ರ ಕಡುನೀಲಿ, ಸ್ವಲ್ಪ ಕಾಲದ ನಂತರ ಖಾಕಿ, 1928ರಲ್ಲಿ ಬೂದುಹಸಿರು. ಸಮವಸ್ತ್ರದ ಬಣ್ಣ ಬದಲಾದಂತೆ ಬ್ಯಾಡ್ಜಿನ ಬಟ್ಟೆಯ ಬಣ್ಣವೂ ಬದಲಾಯಿತು. ನಿಮ್ಮ ಕತ್ತರಿ ಬ್ಯಾಡ್ಜ್ ಖಾಕಿಯ ಮೇಲಿರುವುದರಿಂದ ಅದನ್ನು 1910ರ ದಶಕದ ನಡುಭಾಗದಿಂದ 1928ರೊಳಗೆ ಇಡಬಹುದು. ಇಲ್ಲಿ ಒಂದು ಎಚ್ಚರಿಕೆ: ಸೂಜಿಪುಸ್ತಕದ ಕಡುನೀಲಿ ಫೆಲ್ಟನ್ನು ಮೊದಲ ಸಮವಸ್ತ್ರದ ನೀಲಿಗೆ ಗಂಟು ಹಾಕಬೇಡಿ. ಕಡುನೀಲಿ ಉಣ್ಣೆ ಫೆಲ್ಟ್ ಆಗ ಯಾವ ಅಂಗಡಿಯಲ್ಲೂ ಸಿಗುತ್ತಿದ್ದ ಮಾಲು. ಬ್ಯಾಡ್ಜಿನ ಬಣ್ಣಕ್ಕೆ ನಿಯಮವಿತ್ತು, ಮನೆಯಲ್ಲಿ ಹೊಲಿದ ಸೂಜಿಪುಸ್ತಕಕ್ಕೆ ಇರಲಿಲ್ಲ. ಡಬ್ಬಿಯೊಳಗಿನ ನಾಲ್ಕು ವಸ್ತುಗಳಿಗೂ ಒಂದೇ ವಯಸ್ಸು ಇರಬೇಕೆಂದೂ ಇಲ್ಲ. ಅಕ್ಕನ ಬ್ಯಾಡ್ಜ್, ತಂಗಿಯ ಪಟ್ಟಿ, ಎಷ್ಟೋ ವರ್ಷದ ಮೇಲೆ ಯಾರೋ ತಂದಿಟ್ಟ ಡಬ್ಬಿ ಎಲ್ಲ ಸೇರಿರಬಹುದು. ಒಂದೊಂದನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಿ.

ಒಂದು ವಸ್ತು ಎಷ್ಟು ಹಳೆಯದಿರಬಹುದೆಂಬ ಮಿತಿ ಹಾಕಲು ಇನ್ನು ಕೆಲವು ಗುರುತುಗಳಿವೆ. ಮೂರೆಲೆಯೊಳಗೆ ಎರಡು ನಕ್ಷತ್ರ, ನಡುವೆ ದಿಕ್ಸೂಚಿಯ ಮುಳ್ಳು ಇದ್ದರೆ ಅದು ಗೈಡ್-ಗರ್ಲ್ ಸ್ಕೌಟ್‌ಗಳ ಜಾಗತಿಕ ಒಕ್ಕೂಟದ ಬ್ಯಾಡ್ಜಿನ ವಿನ್ಯಾಸ, 1930ಕ್ಕಿಂತ ಹಳೆಯದಲ್ಲ. ಹೆಸರಿನಲ್ಲಿ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಪೂರ್ತಿ ಸೇರಿದ್ದು 1947ರಲ್ಲಿ. ‘ಕೆಡೆಟ್’ ಎಂಬ ವಯೋಗುಂಪಿನ ಹೆಸರು ಬರೆದಿದ್ದರೆ 1963 ಅಥವಾ ಆಮೇಲಿನದು. ಬ್ಯಾಡ್ಜಿನ ಅಂಚಿಗೆ ದಪ್ಪ ಓವರ್‌ಲಾಕ್ ದಾರದ ಉಬ್ಬಿದ ಬಳೆ ಇದ್ದರೆ ಅದು 1960ರ ದಶಕದಿಂದ ಈಚೆಗೆ ಸಾಮಾನ್ಯವಾದದ್ದು. ಹಳೆಯವು ಬರಿಯ ಬಟ್ಟೆಯ ತುಂಡಾಗಿ ಬರುತ್ತಿದ್ದವು, ಹುಡುಗಿಯೇ ಅಂಚು ಒಳಮಡಚಿ ತೋಳಿನ ಮೇಲೆ ಹೊಲಿದುಕೊಳ್ಳುತ್ತಿದ್ದಳು. ನಿಮ್ಮ ಬ್ಯಾಡ್ಜಿನ ಹಿಂದೆ ಆ ಮಡಿಕೆಯ ಗೆರೆಯೂ ಸುತ್ತ ಸಣ್ಣ ಸೂಜಿತೂತುಗಳ ಸಾಲೂ ಕಂಡರೆ, ಅದನ್ನು ನಿಜಕ್ಕೂ ತೊಟ್ಟಿದ್ದರು ಎಂದು ತಿಳಿಯಿರಿ.

ಮಣಿ, ಚರ್ಮದ ಜಾಲರಿ, ಉರಿಯುವ ಕಟ್ಟಿಗೆಯ ಚಿತ್ರ ಇರುವ ಕಸೂತಿಯನ್ನು ‘ಗರ್ಲ್ ಸ್ಕೌಟ್’ ಎಂದು ಮಾರುವುದುಂಟು. ಅದು 1910ರಲ್ಲಿ ಹುಟ್ಟಿದ ಕ್ಯಾಂಪ್ ಫೈರ್ ಗರ್ಲ್ಸ್ ಎಂಬ ಬೇರೆಯೇ ಸಂಘದ್ದು. ನಿಮ್ಮದಕ್ಕೆ ಆ ಗೊಂದಲವಿಲ್ಲ.

ಇನ್ನು ಮುಖ್ಯ ಕೆಲಸ: ಎಲ್ಲವನ್ನೂ ಮಗುಚಿ ಹಾಕಿ. ಧಾರವಾಡದ ಕಸೂತಿ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗವಂತಿ ಹೊಲಿಗೆ ಮುಂದೂ ಹಿಂದೂ ಒಂದೇ ಸಮ ಕಾಣಬೇಕು, ಗಂಟು ಎಲ್ಲೂ ಕಾಣಬಾರದು, ಅಜ್ಜಿಯಂದಿರು ಮೊದಲು ನೋಡುತ್ತಿದ್ದದ್ದೇ ಹಿಂಬದಿಯನ್ನು. ಹತ್ತು-ಹನ್ನೆರಡು ವರ್ಷದ ಸ್ಕೌಟ್ ಹುಡುಗಿಯ ಹಿಂಬದಿ ಹಾಗಿರುವುದಿಲ್ಲ. ಗಂಟು ಇರುತ್ತದೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾರ ಹಾರಿರುತ್ತದೆ, ಬಿಚ್ಚಿ ಮತ್ತೆ ಹೊಲಿದ ತೂತುಗಳಿರುತ್ತವೆ. ಕೈಕೆಲಸವೋ ಕಾರ್ಖಾನೆಯದೋ ಎಂದು ಹೇಳುವುದೂ ಹಿಂಬದಿಯೇ. ಕಾರ್ಖಾನೆಯ ಶಿಫ್ಲಿ ಎಂಬ ಕಸೂತಿ ಯಂತ್ರ 1860ರ ದಶಕದ್ದು, ಹೊಲಿಗೆ ಮೆಷಿನ್ನಿನಂತೆ ಎರಡು ದಾರದ ಲಾಕ್ ಹಾಕುತ್ತದೆ. ಮುಂದೆ ಹೊಳೆಯುವ ಕಸೂತಿ ದಾರ, ಹಿಂದೆ ತೆಳ್ಳನೆಯ ಬಾಬಿನ್ ದಾರ ಅದನ್ನು ಹಿಡಿದಿರುತ್ತದೆ. ಕೈಕಸೂತಿಯಲ್ಲಿ ಎರಡೂ ಬದಿಗೆ ಒಂದೇ ದಾರ. ನಿಮ್ಮ ಕತ್ತರಿ ಬ್ಯಾಡ್ಜಿನಲ್ಲಿ ಬಾಬಿನ್ ದಾರ ಕಂಡರೆ ಬೇಸರ ಬೇಡ, ಬ್ಯಾಡ್ಜ್ ಕೊಡುತ್ತಿದ್ದದ್ದು ಸಂಸ್ಥೆ. ಹುಡುಗಿಯ ಕೈ ಕಾಣುವುದು ಪಟ್ಟಿಯಲ್ಲಿ.

ಆ ಕತ್ತರಿ ‘ನೀಡಲ್‌ವುಮನ್’ ಬ್ಯಾಡ್ಜಿನ ಗುರುತು. ಆರಂಭದ ಕೈಪಿಡಿಯ ಪ್ರಕಾರ ಅದನ್ನು ಪಡೆಯಲು ಅಳತೆಗೆ ಬಟ್ಟೆ ಕತ್ತರಿಸುವುದು ಗೊತ್ತಿರಬೇಕು, ಕೈಯಲ್ಲೂ ಮೆಷಿನ್ನಿನಲ್ಲೂ ಹೊಲಿಯಬೇಕು, ಗುಂಡಿ-ಹುಕ್ಕು ಹಚ್ಚಬೇಕು, ಕಾಜ ಮಾಡಬೇಕು, ರಫ್ಫು ಮತ್ತು ತೇಪೆಯ ಮಾದರಿ ತೋರಿಸಬೇಕು. ನಿಮ್ಮ ಬಿಳಿ ಪಟ್ಟಿ ಆ ಪರೀಕ್ಷೆಗೆ ಮಾಡಿದ್ದೇ ಎಂದು ಬರಿಯ ಪಟ್ಟಿ ನೋಡಿ ಹೇಳಲಾಗದು, ಶಾಲೆಗಳಲ್ಲೂ ಇದೇ ಮಾದರಿಯ ಪಟ್ಟಿ ಮಾಡಿಸುತ್ತಿದ್ದರು. ಪಟ್ಟಿಯೂ ಬ್ಯಾಡ್ಜೂ ಒಂದೇ ಡಬ್ಬಿಯಲ್ಲಿರುವುದೇ ಇಲ್ಲಿ ದೊಡ್ಡ ಸಾಕ್ಷಿ. ಅದಕ್ಕೇ ಅವನ್ನು ಬೇರ್ಪಡಿಸಿ ಮಾರುವುದಾಗಲಿ, ಒಂದನ್ನು ಚೌಕಟ್ಟಿಗೆ ಹಾಕಿಸಿ ಇನ್ನೊಂದನ್ನು ಮೂಲೆಗೆ ಎಸೆಯುವುದಾಗಲಿ ಬೇಡ.

ಪಟ್ಟಿಯ ರಫ್ಫನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಮೊದಲು ಉದ್ದಕ್ಕೆ ಎಳೆ ಹಾಸಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯ್ದಿರುತ್ತದೆ. ಪ್ರತಿ ಸಾಲು ತಿರುಗುವಲ್ಲಿ ದಾರವನ್ನು ಬಿಗಿದೆಳೆಯದೆ ಸಾಸಿವೆಯಷ್ಟು ಕುಣಿಕೆ ಬಿಟ್ಟಿದ್ದಾಳೆಯೇ? ಅದು ಅಜಾಗ್ರತೆಯಲ್ಲ, ಪಾಠ. ತೊಳೆದಾಗ ಹೊಸ ದಾರ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಸುಕ್ಕುಗಟ್ಟಿಸದಿರಲೆಂದು ಹಾಗೆ ಬಿಡಲು ಕಲಿಸುತ್ತಿದ್ದರು. ಕುಣಿಕೆ ಮೊದಲ ಮೂರು ಸಾಲಿನಲ್ಲಿದ್ದು ಆಮೇಲೆ ಮಾಯವಾಗಿದ್ದರೆ, ಹೇಳಿಕೊಡುವವರು ಎಲ್ಲಿಯವರೆಗೆ ಪಕ್ಕದಲ್ಲಿದ್ದರು ಎಂದು ಊಹಿಸಬಹುದು! ತೇಪೆಯಲ್ಲಿ ನಾಲ್ಕು ಮೂಲೆ ನೋಡಿ, ಕಷ್ಟವಾಗುವುದು ಅಲ್ಲೇ. ಕಾಜದಲ್ಲಿ ಗುಂಡಿ ಎಳೆಯುವ ತುದಿಗೆ ಬೀಸಣಿಗೆಯಂತೆ ಹರಡಿದ ಹೊಲಿಗೆ, ಇನ್ನೊಂದು ತುದಿಗೆ ಅಡ್ಡಪಟ್ಟಿ ಇದ್ದರೆ ಕಲಿಕೆ ಚೆನ್ನಾಗಿಯೇ ಆಗಿತ್ತು.

ಆಮೇಲೆ ನೇರಳಾತೀತ ಟಾರ್ಚ್. 365 ನ್ಯಾನೋಮೀಟರಿನದು ತೆಗೆದುಕೊಳ್ಳಿ, ಅಗ್ಗದ 395ರಲ್ಲಿ ನೇರಳೆ ಬೆಳಕೇ ಕಣ್ಣಿಗೆ ಹೊಡೆದು ಏನೂ ಗೊತ್ತಾಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಹಿಡಿದಾಗ ಬಿಳಿ ದಾರ ನೀಲಿಬಿಳಿಯಾಗಿ ಉರಿದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕವಿದೆ ಎಂದರ್ಥ. ಅವು ದಾರಕ್ಕೂ ಸಾಬೂನುಪುಡಿಗೂ ಬಂದದ್ದು 1940ರ ದಶಕ ಮತ್ತು ಆಮೇಲೆ. ಆದರೆ ಇಡೀ ಬಟ್ಟೆ ಉರಿದರೆ ಅದು ನಕಲಿ ಎಂದು ತೀರ್ಮಾನಿಸಬೇಡಿ, ಯಾರೋ ಇತ್ತೀಚೆಗೆ ಡಿಟರ್ಜೆಂಟಿನಲ್ಲಿ ತೊಳೆದಿರಬಹುದು. ಅನುಮಾನ ಪಡಬೇಕಾದ್ದು ಬಟ್ಟೆ ಮಂಕಾಗಿದ್ದು, ಮೂರೆಲೆಯನ್ನು ಹಚ್ಚಿದ ದಾರ ಮಾತ್ರ ಉರಿದಾಗ. ಹಳೆಯ ಸಾಮಾನ್ಯ ಸೂಜಿಪುಸ್ತಕಕ್ಕೆ ಆಮೇಲೆ ಗುರುತು ಹಚ್ಚಿ ಬೆಲೆ ಏರಿಸುವುದು ಈ ವ್ಯಾಪಾರದ ಹಳೆಯ ಚಾಳಿ. ಇನ್ನೊಂದು ಪರೀಕ್ಷೆಗೆ ಟಾರ್ಚೂ ಬೇಡ. ಮೂರೆಲೆಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿ, ಕೆಳಗಿನ ಫೆಲ್ಟ್ ಸುತ್ತಲಿಗಿಂತ ಕಡುವಾಗಿ ಉಳಿದಿರಬೇಕು. ಚಹಾದಲ್ಲಿ ಅದ್ದಿ ಹಳೆಯದು ಮಾಡಿದ ಬಟ್ಟೆಯಲ್ಲಿ ಮಡಿಕೆಯ ಒಳಗೂ ಹೊರಗಿನಷ್ಟೇ ಕಂದು ಇರುತ್ತದೆ, ನಿಜವಾಗಿ ಹಳತಾದದ್ದರಲ್ಲಿ ಮಡಿಕೆಯೊಳಗೆ ಬಣ್ಣ ಬೇರೆ.

ಹನ್ನೊಂದು ಹೆಸರಿನ ಚೌಕ ಬಹುಶಃ ಈ ಡಬ್ಬಿಯ ಅತಿ ಬೆಲೆಯುಳ್ಳ ವಸ್ತು. ಗೆಳತಿಯರು ಪೆನ್ಸಿಲಿನಲ್ಲಿ ಸಹಿ ಹಾಕುವುದು, ಒಬ್ಬಳು ಅಥವಾ ಅವರವರೇ ಅದರ ಮೇಲೆ ಹೊಲಿಯುವುದು ಆಗಿನ ರೂಢಿ. ಒಬ್ಬರದೇ ಕೈಯೋ ಹನ್ನೊಂದು ಕೈಯೋ ಎಂದು ನೋಡಲು ಒಂದು ಇಂಚಿಗೆ ಎಷ್ಟು ಹೊಲಿಗೆ ಎಂದು ಪ್ರತಿ ಹೆಸರಿನಲ್ಲೂ ಎಣಿಸಿ, ದಾರ ಮುಗಿಸಿದ ಬಗೆಯನ್ನೂ ಗಮನಿಸಿ. ಹುಡುಗಿಯರ ಈ ಅಭ್ಯಾಸ ಎಲ್ಲಿಯವರೆಗೆ ಹೋಯಿತು ಎಂಬುದಕ್ಕೆ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಒಂದು ಕೌದಿಯೇ ಇದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ವಶದಲ್ಲಿದ್ದ ಸಿಂಗಪುರದ ಚಾಂಗಿ ಜೈಲಿನೊಳಗೆ 8ರಿಂದ 16 ವಯಸ್ಸಿನ ಸುಮಾರು ಇಪ್ಪತ್ತು ಹುಡುಗಿಯರು ಗೈಡ್ ತುಕಡಿ ಕಟ್ಟಿಕೊಂಡಿದ್ದರು. ತಮ್ಮ ನಾಯಕಿ ಎಲಿಜಬೆತ್ ಎನಿಸ್ ಅವರ ಹುಟ್ಟುಹಬ್ಬಕ್ಕೆಂದು, ಅವರಿಗೆ ಗೊತ್ತಾಗದಂತೆ, ಚಿಂದಿಬಟ್ಟೆಗಳ ಆರು ಮೂಲೆಯ ತುಂಡುಗಳನ್ನು ಕೂಡಿಸಿ ಹೊಲಿದರು, ತಮ್ಮ ಹೆಸರುಗಳನ್ನೂ ಹೊಲಿದರು. ದಾರವನ್ನು ಹಳೆಯ ಉಡುಪಿನಿಂದ ಬಿಚ್ಚಿಕೊಂಡಿದ್ದರು. ಅದೇ ಜೈಲಿನ ಹೆಂಗಸರು ಹೊಲಿದ ಪ್ರಸಿದ್ಧ ಕೌದಿಗಳಿಗೆ ಈ ಮಕ್ಕಳ ಕೆಲಸವೇ ಪ್ರೇರಣೆ ಎನ್ನುತ್ತಾರೆ.

ನಿಮ್ಮ ಹನ್ನೊಂದು ಹೆಸರಿಗೂ ಜಾಡು ಸಿಗುವ ಸಾಧ್ಯತೆ ಇದೆ. ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷದ ನಂತರ ಸಾರ್ವಜನಿಕವಾಗುತ್ತವೆ, 1920 ಮತ್ತು 1930ರವು ತೆರೆದಿವೆ. ಒಂದೇ ಬೀದಿ, ಒಂದೇ ವಯಸ್ಸಿನ ಮೂರು-ನಾಲ್ಕು ಹೆಸರು ಒಟ್ಟಿಗೆ ಸಿಕ್ಕರೆ ಊರೂ ವರ್ಷವೂ ಬಹುಮಟ್ಟಿಗೆ ಖಚಿತ. ಒಂದೇ ಹೆಸರಿನ ಹೊಂದಾಣಿಕೆಯನ್ನು ನೆಚ್ಚಬೇಡಿ.

ಈಗ ತುಕ್ಕಿನ ಸೂಜಿಗಳು. ಉಣ್ಣೆಯ ಜಿಡ್ಡು ತುಕ್ಕು ತಡೆಯುತ್ತದೆಂದು ನಂಬಿ ಸೂಜಿಪುಸ್ತಕಕ್ಕೆ ಉಣ್ಣೆಯ ಹಾಳೆ ಹಾಕುತ್ತಿದ್ದರು. ಜಿಡ್ಡು ಕಾಲಕ್ರಮದಲ್ಲಿ ಹೋಗುತ್ತದೆ, ಉಣ್ಣೆ ಮಾತ್ರ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಬಲ್ಲದು, ಸೂಜಿಯ ನಿಕ್ಕಲ್ ಲೇಪ ಸವೆದಲ್ಲಿ ಕಬ್ಬಿಣ ಅದನ್ನು ಕುಡಿಯುತ್ತದೆ. ಹುಟ್ಟಿದ ತುಕ್ಕು ಸುಮ್ಮನಿರುವುದಿಲ್ಲ. ಹತ್ತಿ ಮತ್ತು ಲಿನನ್ ನಾರಿನ ಕೊಳೆಯುವಿಕೆಯನ್ನು ಕಬ್ಬಿಣ ಚುರುಕುಗೊಳಿಸುತ್ತದೆ, ಕಂದು ಕಲೆ ಇದ್ದಲ್ಲಿ ಕೆಲವು ವರ್ಷಕ್ಕೆ ತೂತಾಗುತ್ತದೆ. ಆದ್ದರಿಂದ ಸೂಜಿ ತೆಗೆಯಬೇಕು, ಕಲೆ ಇರಲಿ.

ಮೊದಲು ಪ್ರತಿ ಹಾಳೆಯ ಎರಡೂ ಬದಿಯ ಫೋಟೊ ತೆಗೆಯಿರಿ, ಅಳತೆಪಟ್ಟಿ ಪಕ್ಕದಲ್ಲಿರಲಿ. ಫ್ರಿಜ್ಜಿನ ಮ್ಯಾಗ್ನೆಟ್ಟನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಹಾಳೆಗಳ ಮೇಲೆ ಮೆಲ್ಲಗೆ ಓಡಿಸಿ, ಒಳಗೆ ಮುರಿದುಳಿದ ಸೂಜಿಮೊನೆ ಎಲ್ಲಿದ್ದರೂ ಎಳೆತ ಗೊತ್ತಾಗುತ್ತದೆ. ಒಂಬತ್ತು ಎಂದು ನೀವು ಎಣಿಸಿದ್ದು ಹನ್ನೊಂದಾದರೆ ಆಶ್ಚರ್ಯವಿಲ್ಲ. ಪ್ರತಿ ಸೂಜಿಯ ಎರಡು ತುದಿ ನೋಡಿ, ಯಾವ ತುದಿ ನುಣುಪಾಗಿದೆಯೋ ಅದು ಫೆಲ್ಟಿನೊಳಗಿಂದ ಹಾಯುವಂತೆ ಎಳೆಯಿರಿ. ಮೊನೆ ನುಣುಪಾಗಿದ್ದರೆ ಕಣ್ಣಿನ ಕಡೆಯಿಂದ ಹಿಂದಕ್ಕೆ, ಮೊನೆಯೇ ತುಕ್ಕಾಗಿದ್ದರೆ ಮುಂದಕ್ಕೆ. ಅದಕ್ಕೂ ಮೊದಲು ಮರದ ಹಲ್ಲುಕಡ್ಡಿಯಿಂದ ಸೂಜಿಗೆ ಅಂಟಿದ ನಾರನ್ನು ಬಿಡಿಸಿ. ತಿರುಚಬೇಡಿ, ತುಕ್ಕಿನ ಒರಟು ಮೈ ಅರದಂತೆ ನಾರನ್ನು ಕೊಯ್ಯುತ್ತದೆ. ಎಣ್ಣೆ ಬಿಡಲೇಬೇಡಿ. ಬರುವುದೇ ಇಲ್ಲ ಎಂದಾದರೆ ಬಿಟ್ಟುಬಿಡಿ, ಅದರ ಮೇಲೂ ಕೆಳಗೂ ತೆಳುವಾದ ಪಾಲಿಯೆಸ್ಟರ್ ಹಾಳೆಯ ಪಟ್ಟಿ ತೂರಿಸಿ ಪಕ್ಕದ ಹಾಳೆಗೆ ತಾಗದಂತೆ ಮಾಡಿದರೆ ಸಾಕು. ತೆಗೆದ ಸೂಜಿಗಳನ್ನು ಎಸೆಯಬೇಡಿ. ಯಾವುದು ಎಲ್ಲಿತ್ತು ಎಂದು ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಪಾಲಿಥೀನ್ ಚೀಲದಲ್ಲಿಡಿ.

ನಿಂಬೆ-ಉಪ್ಪು ಯಾಕೆ ಬೇಡ? ನಿಂಬೆಯ ಆಮ್ಲ ತುಕ್ಕನ್ನು ಕರಗಿಸುವುದು ನಿಜ. ಕರಗಿದ ಕಬ್ಬಿಣ ಅಲ್ಲೇ ಹರಡಿ ಇನ್ನಷ್ಟು ನಾರಿಗೆ ಇಳಿಯುತ್ತದೆ, ಉಳಿದ ಆಮ್ಲವನ್ನು ಪೂರ್ತಿ ತೊಳೆದು ತೆಗೆಯಲು ಮನೆಯಲ್ಲಿ ಆಗುವುದಿಲ್ಲ, ನೂರು ವರ್ಷದ ಹತ್ತಿಗೆ ಆಮ್ಲವೆಂದರೆ ವಿಷ. ಫೆಲ್ಟನ್ನು ನೀರಿಗೆ ಹಾಕಿದರೆ ಕುಗ್ಗುತ್ತದೆ. ರಟ್ಟಿನ ಒಳಪದರವಿದ್ದರೆ, ಹೆಚ್ಚಾಗಿ ಇರುತ್ತದೆ, ಅದು ನೆನೆದು ಕಂದುನೀರು ಬಿಡುತ್ತದೆ. ಹೆಸರಿನ ಚೌಕದಲ್ಲಿ ಕೆಂಪು ದಾರ ಬಣ್ಣ ಬಿಟ್ಟರೆ ಕಥೆ ಮುಗಿಯಿತು. ಗಟ್ಟಿ ಬಣ್ಣಕ್ಕೆ ಹೆಸರಾದ ‘ಟರ್ಕಿ ಕೆಂಪು’ ದಾರವೇ ಆಗಿದ್ದರೂ ನೋಡಿ ಹೇಳಲಾಗದು. ಕುತೂಹಲಕ್ಕಾದರೂ ಪರೀಕ್ಷಿಸಬೇಕೆಂದರೆ ಹಿಂಬದಿಯ ದಾರದ ತುದಿಗೆ ಡಿಸ್ಟಿಲ್ಡ್ ನೀರಿನ ಒಂದು ಹನಿ ಬಿಡಿ, ಐದು ನಿಮಿಷ ಬಿಟ್ಟು ಬಿಳಿ ಒತ್ತುಕಾಗದ ಒತ್ತಿ. ಗುಲಾಬಿ ಛಾಯೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೂ ತೊಳೆಯುವುದು ಬೇಡ ಎಂದೇ ನಮ್ಮ ಸಲಹೆ: ಕೆಳಗಿನ ಪೆನ್ಸಿಲ್ ಗೆರೆ ಮಸುಕಾಗುತ್ತದೆ, ಆ ಗೆರೆಯಲ್ಲೇ ಅವರ ಸಹಿ ಇರುವುದು.

ದೂಳು ಮಾತ್ರ ತೆಗೆಯಿರಿ. ಕಸೂತಿಯ ಮರದ ಬಳೆಗೆ ನೈಲಾನ್ ನೆಟ್ ಬಿಗಿದು ಬಟ್ಟೆಯ ಮೇಲಿಡಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಎಳೆತಕ್ಕಿಟ್ಟು ನಳಿಗೆಯನ್ನು ಒಂದು ಸೆಂಟಿಮೀಟರ್ ಮೇಲೆ ಹಿಡಿದು ಸರಿಸಿ. ರೇಷ್ಮೆ ರಿಬ್ಬನ್ ಏನಾದರೂ ಇದ್ದರೆ ಅದನ್ನಂತೂ ಮುಟ್ಟಬೇಡಿ. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಸೇರಿಸುತ್ತಿದ್ದರು, ಈಗ ಮಡಿಚಿದಲ್ಲೆಲ್ಲ ಅದು ಹಪ್ಪಳದಂತೆ ಒಡೆಯುತ್ತದೆ.

ಮಂಗಳೂರಿಗೆ ಹೊರಡುವ ಮೊದಲು ಹುಳುವಿನ ವಿಚಾರ. ಫೆಲ್ಟಿನಲ್ಲಿ ಸಣ್ಣ ತೂತು, ರೇಷ್ಮೆಯಂಥ ಜಾಲ, ಮರಳಿನ ಕಾಳಿನಂಥ ಹಿಕ್ಕೆ ಕಂಡರೆ ನುಸಿ ಇದೆ. ಸೂಜಿಪುಸ್ತಕವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಸೊನ್ನೆಗಿಂತ ಕೆಳಗೆ 18ರಿಂದ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು 24 ಗಂಟೆ ಬಿಚ್ಚಬೇಡಿ. ಅವಸರದಲ್ಲಿ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ಹನಿ ಕಟ್ಟುತ್ತದೆ, ಇಷ್ಟು ಹೊತ್ತು ನೀರು ಸೋಕದಂತೆ ಕಾಪಾಡಿದ್ದೆಲ್ಲ ದಂಡ. ಸೆಲ್ಯುಲಾಯ್ಡ್ ಗುಂಡಿಯೋ ಅಂಗುಸ್ತಾನವೋ ಇದ್ದರೆ ಫ್ರೀಜರಿಗೆ ಹಾಕದೆ ಬೇರೆಯಾಗಿಡಿ, ಅದು ಬಿಡುವ ಆವಿ ಪಕ್ಕದ ಬಟ್ಟೆಯನ್ನೂ ಲೋಹವನ್ನೂ ತಿನ್ನುತ್ತದೆ. ನುಸಿಗುಳಿಗೆ ಬೇಡ.

ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ 65 ಶೇಕಡಾ ದಾಟಿ ತಿಂಗಳುಗಟ್ಟಲೆ ನಿಂತರೆ ಬೂಷ್ಟು ಖಚಿತ, ಮಂಗಳೂರಿನ ಜೂನ್-ಜುಲೈ ಅದನ್ನು ಸಲೀಸಾಗಿ ದಾಟುತ್ತದೆ. ತಗಡಿನ ಡಬ್ಬಿಯನ್ನು ನೆನಪಿಗೆ ಉಳಿಸಿಕೊಳ್ಳಿ, ಬಟ್ಟೆಯನ್ನು ಅದರೊಳಗೆ ಮತ್ತೆ ಇಡಬೇಡಿ. ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪಾಲಿಪ್ರೊಪಿಲೀನ್ ಪೆಟ್ಟಿಗೆ ತೆಗೆದುಕೊಂಡು, ಆಮ್ಲರಹಿತ ಮತ್ತು ಸುಣ್ಣದ ಅಂಶ ಸೇರಿಸದ ಟಿಶ್ಯೂ ಕಾಗದ ಹಾಸಿ (ಸುಣ್ಣ ಸೇರಿಸಿದ್ದು ಹತ್ತಿಗೆ ಸರಿ, ಉಣ್ಣೆ-ರೇಷ್ಮೆಗೆ ಆಗದು), ಪಟ್ಟಿಯನ್ನೂ ಚೌಕವನ್ನೂ ಮಡಿಸದೆ ಹರವಿ. ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ಸಣ್ಣ ತೇವಮಾಪಕ ಇರಲಿ. ಮುಳ್ಳು 45ರಿಂದ 55ರ ನಡುವೆ ನಿಂತಿರಬೇಕು, 60 ಮುಟ್ಟಿದಾಗ ಜೆಲ್ಲನ್ನು ಓವನಿನಲ್ಲಿ ಒಣಗಿಸಿ ತಣಿದ ಮೇಲೆ ಮತ್ತೆ ಇಡಿ. ಪೆಟ್ಟಿಗೆ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ನೆಲದ ಮೇಲೂ ಬೇಡ.

ಗೋಡೆಗೆ ಹಾಕುವ ಆಸೆಯಿದ್ದರೆ ಬ್ಯಾಡ್ಜೊಂದನ್ನು ಹಾಕಿ, ವರ್ಷಕ್ಕೆ ಮೂರು ತಿಂಗಳು, ಕಿಟಕಿಯಿಲ್ಲದ ಗೋಡೆಗೆ. ತೊಳೆದ ಮಲ್ಲಿನ ಬಟ್ಟೆ ಹೊದಿಸಿದ ಆಮ್ಲರಹಿತ ರಟ್ಟಿಗೆ ಅದನ್ನು ಸಣ್ಣ ರೇಷ್ಮೆದಾರದಲ್ಲಿ, ಹಳೆಯ ಸೂಜಿತೂತುಗಳಲ್ಲೇ ಹಾಯಿಸಿ ಹೊಲಿಯಿರಿ. ಹೊಸ ತೂತು ಒಂದೂ ಬೇಡ, ಅಂಟು ಬೇಡವೇ ಬೇಡ. ಯಾರು ಯಾವಾಗ ಹೊಲಿದರು, ಯಾವ ಸೂಜಿ ಯಾವ ಹಾಳೆಯಿಂದ ತೆಗೆದದ್ದು, ಡಬ್ಬಿ ಯಾವ ಊರಿನಲ್ಲಿ ಎಂದು ಸಿಕ್ಕಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಪೆಟ್ಟಿಗೆಯೊಳಗಿಡಿ. ಪೆನ್ನಿನ ಶಾಯಿ ಮಂಗಳೂರಿನ ತೇವಕ್ಕೆ ಇಳಿದು ಕೆಳಗಿನ ಬಟ್ಟೆಗೆ ಹತ್ತುತ್ತದೆ.